ಕರೆಂಟ್ ಬಿಲ್ ಯಾರು ಕಟ್ಟಬೇಕು ಸ್ವಾಮಿ?

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಅಂಗಡಿ ಬಾಡಿಗೆಗೆ ಹಿಡಿಯುವಾಗ ಎರಡೇ ಮಾತು. ಅಡ್ವಾನ್ಸ್ ಎಷ್ಟು? ತಿಂಗಳ ಬಾಡಿಗೆ ಎಷ್ಟು? ಉಳಿದದ್ದೆಲ್ಲ "ಆಮೇಲೆ ನೋಡ್ಕೊಳ್ಳೋಣ ಬಿಡಿ". ಜಗಳ ಹುಟ್ಟೋದೇ ಆ "ಆಮೇಲೆ"ಯಲ್ಲಿ ಅಂತ ನನ್ನ ಅನಿಸಿಕೆ.

ಕರಾರು ಪತ್ರ ಇರಲ್ಲ ಅಂತಲ್ಲ. ಇರುತ್ತೆ, ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಬೇಕಲ್ಲ, ಅದಕ್ಕೇ ಈ ಹನ್ನೊಂದು! ಅದರಲ್ಲಿ "ವಿದ್ಯುತ್ ಮತ್ತು ನೀರಿನ ಶುಲ್ಕವನ್ನು ಬಾಡಿಗೆದಾರರೇ ಭರಿಸತಕ್ಕದ್ದು" ಅಂತ ಒಂದೇ ಸಾಲು. ಯಾವ ಶುಲ್ಕ? ಎಷ್ಟು ಪಾಲು? ಹಳೇ ಬಾಕಿ ಇದ್ದರೆ? ಆ ಸಾಲು ತುಟಿ ಬಿಚ್ಚಲ್ಲ.

ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದದ್ದು ಶೇಂಗಾ ಎಣ್ಣೆ ಮಿಲ್ಲುಗಳಿಂದ. ಎಷ್ಟೋ ಮಿಲ್ಲುಗಳು ಈಗ ಮುಚ್ಚಿವೆ. ಅಂಥದ್ದೊಂದು ಕಟ್ಟಡವನ್ನು ಗೋಡೌನಿಗೆ ಕೊಟ್ಟರು ಅಂದುಕೊಳ್ಳಿ. ಮಂಜೂರಾದ ಲೋಡ್ 40 ಎಚ್.ಪಿ., ಗೋಡೌನಿನವನು ಉರಿಸೋದು ನಾಲ್ಕು ಬಲ್ಬು. ಬೆಸ್ಕಾಂ ಬಿಲ್ಲಿನಲ್ಲಿ ನಿಗದಿತ ಶುಲ್ಕ ಅಂತ ಬರುತ್ತಲ್ಲ, ಅದು ಉರಿಸಿದ ಯೂನಿಟ್ಟಿನ ಲೆಕ್ಕ ಅಲ್ಲ, ಮಂಜೂರಾದ ಲೋಡಿನ ಲೆಕ್ಕ. ಬೀಗ ಹಾಕಿದ್ದರೂ ಬರುತ್ತೆ. "ಬಿಲ್ಲು ನಿಂದೇ ಅಂತ ಪತ್ರದಲ್ಲಿ ಬರೆದಿದೆಯಲ್ಲಪ್ಪಾ" ಅಂತಾರೆ ಮಾಲೀಕರು. ಆದರೆ ಮೀಟರ್ ಇರೋದು ಅವರ ಹೆಸರಲ್ಲಿ. ಲೋಡ್ ಇಳಿಸಿಕೊಡಿ ಅಂತ ಅರ್ಜಿ ಹಾಕಬೇಕಾದವರೂ ಅವರೇ. ಹಾಕದಿದ್ದರೆ ಆ ಹೆಚ್ಚುವರಿ ಅವರೇ ಕಟ್ಟೋದು ನ್ಯಾಯ ಅಲ್ವೇ?

ಹಾಗಂತ ಮಾಲೀಕರೆಲ್ಲ ರಾಕ್ಷಸರಲ್ಲ :-) ಬಾಡಿಗೆದಾರ ಆರು ತಿಂಗಳ ಬಿಲ್ಲು ಉಳಿಸಿ ರಾತ್ರೋರಾತ್ರಿ ಖಾಲಿ ಮಾಡಿದರೆ ಬಾಕಿ ಮಾಲೀಕನ ಕೊರಳಿಗೇ. ಹಳೇ ಮಾಲೀಕನ ಬಾಕಿಯನ್ನು ಕಟ್ಟಡ ಕೊಂಡವನಿಂದ ಕೇಳುವ ನಿಯಮಗಳನ್ನೂ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಡ್ವಾನ್ಸ್ ಬಿಗಿಹಿಡಿಯೋದು ಈ ಭಯಕ್ಕೇ.

ಇನ್ನೊಂದು, ಮನೆ ಮುಂದಿನ ಕೋಣೆಯನ್ನೇ ಅಂಗಡಿಗೆ ಕೊಡೋದು. ಮೊಳಕಾಲ್ಮೂರಿನಂಥ ಸಣ್ಣ ಊರಲ್ಲಿ ಇದು ಸಾಮಾನ್ಯ. ಮನೆ ಮೀಟರಿನಿಂದ ಒಂದು ವೈರು ಎಳೆದರೆ ಮುಗೀತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ ಈ ಆಸೆ ಇನ್ನೂ ಜಾಸ್ತಿ. ಆದರೆ ಆ ಯೋಜನೆ ಮನೆ ಬಳಕೆಗೆ ಮಾತ್ರ. ಮನೆ ಕರೆಂಟನ್ನು ವ್ಯಾಪಾರಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ದರ ಹಾಕ್ತಾರೆ. ಆಗ "ನೀನು ಉರಿಸಿದ್ದು", "ನೀವು ಎಳೆದುಕೊಟ್ಟಿದ್ದು" ಅಂತ ಹೊಸ ರಾಮಾಯಣ.

ಕರೆಂಟಿಗಿಂತ ದೊಡ್ಡ ತಲೆನೋವು ನೀರು. ಬರದ ಸೀಮೆ ನಮ್ಮದು. ಒಂದು ಕಾಂಪ್ಲೆಕ್ಸಿಗೆ ಒಂದು ಬೋರು, ಒಂದು ಮೋಟರು. ಬಿಲ್ಲನ್ನು ಅಂಗಡಿ ಲೆಕ್ಕದಲ್ಲಿ ಸಮ ಹಂಚಿದರೆ ಮೊಬೈಲ್ ರಿಪೇರಿಯವನೂ ಹೋಟೆಲಿನವನೂ ಒಂದೇ ದುಡ್ಡು ಕೊಡಬೇಕು. ಬೋರು ಬತ್ತಿ ಟ್ಯಾಂಕರ್ ತರಿಸಿದರಂತೂ ಕೇಳಲೇಬೇಡಿ.

ಕಾನೂನು ಏನನ್ನುತ್ತೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಇಬ್ಬರ ಹೊಣೆಗಳನ್ನೂ ಪಟ್ಟಿ ಮಾಡುತ್ತೆ. ಆದರೆ ಕರಾರು ಅಥವಾ ಊರ ರೂಢಿ ಬೇರೆ ಇದ್ದರೆ ಅದಕ್ಕೇ ಮೊದಲ ಮಣೆ. ಅಂದರೆ ಬರೆದವನೇ ಗೆದ್ದ. ಜಿ.ಎಸ್.ಟಿ. ಇರುವ ಕಡೆ ಇನ್ನೊಂದು ಗಂಟು. ಕರೆಂಟ್ ದುಡ್ಡನ್ನು ಬಾಡಿಗೆ ಜೊತೆ ಕಲಸಿ ವಸೂಲಿ ಮಾಡಿದರೆ ಅದಕ್ಕೂ ಶೇ. 18 ತೆರಿಗೆ ಅಂತ 2023ರ ಅಕ್ಟೋಬರಿನಲ್ಲಿ ಸುತ್ತೋಲೆ ಬಂದಿದೆ. ಬಿಲ್ಲಿನಲ್ಲಿ ಬಂದಷ್ಟನ್ನೇ ಪ್ರತ್ಯೇಕವಾಗಿ ತೆಗೆದುಕೊಂಡರೆ ಆ ಹೊರೆ ಇಲ್ಲ.

ನಾನು ಕೇಳೋದು ಇಷ್ಟೇ. ಪ್ರತಿ ಮಳಿಗೆಗೂ ಬೇರೆ ಮೀಟರ್ ಇರಲಿ. ಉರಿಸಿದ ಯೂನಿಟ್ ಬಾಡಿಗೆದಾರನಿಗೆ, ಹಳೇ ಬಾಕಿ ಮತ್ತು ಬೇಡದ ಲೋಡಿನ ಶುಲ್ಕ ಮಾಲೀಕನಿಗೆ. ಬೋರು, ಮೆಟ್ಟಿಲ ದೀಪದ ಪಾಲು ಬಳಕೆ ನೋಡಿ ನಿಗದಿಯಾಗಲಿ. ಬೀಗದ ಕೈ ಕೊಡುವ ದಿನ, ಬಿಡುವ ದಿನ ಮೀಟರ್ ರೀಡಿಂಗಿಗೆ ಇಬ್ಬರೂ ಸಹಿ ಹಾಕಲಿ. ನಾಲ್ಕು ಸಾಲು ಹೆಚ್ಚು ಬರೆಯಲು ಪತ್ರ ಬರೆಯುವವರು ಎಷ್ಟು ಹೆಚ್ಚಿಗೆ ಕೇಳ್ತಾರೆ? ನಾಲ್ಕು ವರ್ಷ ಮುಖ ತಿರುಗಿಸಿಕೊಂಡು ಓಡಾಡೋದಕ್ಕಿಂತ ಅಗ್ಗವೇ.

ನಿಮ್ಮೂರ ಕಡೆ ರೂಢಿ ಹೇಗಿದೆ? ತಿಳಿಸಿ.