ಬೆಂಬಲ ಮುಗಿಯುವ ದಿನ ಹತ್ತು ವರ್ಷದಿಂದ ಗೊತ್ತಿತ್ತು





ಅರಕಲಗೂಡು ತಾಲ್ಲೂಕಿನ ಸಹಕಾರ ಸಂಘವೊಂದಕ್ಕೆ ಮೊನ್ನೆ ಬೆಳೆಸಾಲದ ನವೀಕರಣಕ್ಕೆಂದು ಬಂದಿದ್ದ ರೈತರನ್ನು ಊಟದ ಹೊತ್ತು ಮೀರುವ ತನಕ ನಿಲ್ಲಿಸಿಕೊಂಡು, ‘ಸಿಸ್ಟಮ್ ಸರಿಯಿಲ್ಲ, ಸೋಮವಾರ ಬನ್ನಿ’ ಎಂದು ವಾಪಸ್ ಕಳಿಸಿದರು. ಪರದೆಯ ತುಂಬ ವಿಂಡೋಸ್ 10ರ ಬೆಂಬಲ ಮುಗಿದಿದೆ ಎಂಬ ಸೂಚನೆ. ಗುಮಾಸ್ತರು ಅದನ್ನು ಓದದೆಯೇ ‘ಆಮೇಲೆ ನೆನಪಿಸು’ ಒತ್ತಿದರು. ಒಮ್ಮೆ ಆಫ್ ಮಾಡಿ ಆನ್ ಮಾಡಿದ ಮೇಲೆ ಪಾಸ್‌ಬುಕ್ ಮುದ್ರಿಸುವ ಪ್ರಿಂಟರ್ ಆ ಕಂಪ್ಯೂಟರಿಗೆ ಕಾಣಿಸಲೇ ಇಲ್ಲ. ಪಹಣಿ, ಆಧಾರ್ ಜೆರಾಕ್ಸುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದಿದ್ದ ವೃದ್ಧರೊಬ್ಬರಿಗೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜೂ ದಂಡವಾಯಿತು.

ಇದನ್ನು ಆಕಸ್ಮಿಕ ಎನ್ನುವವರ ಮಾತು ಒಪ್ಪುವಂಥದ್ದಲ್ಲ. ವಿಂಡೋಸ್ 10 ಮಾರುಕಟ್ಟೆಗೆ ಬಂದದ್ದು 2015ರ ಜುಲೈನಲ್ಲಿ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂಬುದನ್ನು ಮೈಕ್ರೋಸಾಫ್ಟ್ ಆಗಲೇ ಹೇಳಿತ್ತು. ಅದರ ಮುಂದಿನ ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಕೂರುವುದಿಲ್ಲ, ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಇಂಟೆಲ್‌ನದಾದರೆ ಎಂಟನೇ ಪೀಳಿಗೆಯ ಅಥವಾ ಅನಂತರದ ಪ್ರೊಸೆಸರೂ ಬೇಕು ಎಂಬುದು 2021ರಲ್ಲೇ ಗೊತ್ತಾಗಿತ್ತು. ನಾಲ್ಕು ವರ್ಷ ಕೈಯಲ್ಲಿತ್ತು. ನಾಲ್ಕು ಬಜೆಟ್ ಹೋದವು, ನಾಲ್ಕು ಮಹಾಸಭೆಗಳು ಮುಗಿದವು. ಯಾವ ಸಭೆಯ ನಡವಳಿಯಲ್ಲಿ ಈ ದಿನಾಂಕವನ್ನು ಬರೆದಿದ್ದಾರೆ, ತೋರಿಸಲಿ.

ಹಾಸನ ಜಿಲ್ಲೆಗೆ ಇದು ನಾಚಿಕೆಗೇಡು. ಸಾಲಗಾಮೆ ರಸ್ತೆಯ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ, ಜಿಲ್ಲೆಯ ಜನರ ಬಾಯಲ್ಲಿ ಎಂಸಿಎಫ್, 1982ರಿಂದ ದೇಶದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. 2007ರ ಮಾರ್ಚ್‌ನಲ್ಲಿ ಹಾರಿದ ಇನ್ಸಾಟ್-4ಬಿ ಉಪಗ್ರಹವನ್ನು 2022ರ ಜನವರಿಯಲ್ಲಿ ನಿವೃತ್ತಗೊಳಿಸಿದಾಗ, ಬೇರೆ ಉಪಗ್ರಹಗಳಿಗೆ ತೊಂದರೆಯಾಗದಂತೆ ಅದನ್ನು ಭೂಸ್ಥಿರ ಕಕ್ಷೆಯಿಂದ ಸುಮಾರು 340 ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟರು. ಆ ಕೊನೆಯ ಪಯಣಕ್ಕೆ ಬೇಕಾಗುವ ಇಂಧನವನ್ನು ಮೊದಲೇ ಲೆಕ್ಕ ಹಾಕಿ ಉಳಿಸಿಟ್ಟುಕೊಂಡಿರಬೇಕಾಗುತ್ತದೆ. ಇಂಥ ಕೆಲಸ ನಡೆಯುವ ಜಿಲ್ಲೆಯಲ್ಲಿ ಕೌಂಟರಿನ ಒಂದು ಕಂಪ್ಯೂಟರಿನ ಕೊನೆಯ ದಿನವನ್ನು ಲೆಕ್ಕ ಹಾಕುವವರಿಲ್ಲ.

‘ನಡೀತಾ ಇದೆಯಲ್ಲ, ಯಾಕೆ ಬದಲಿಸಬೇಕು?’ ಎಂಬ ಉತ್ತರ ಹೊಳೆನರಸೀಪುರದಲ್ಲೂ ಚನ್ನರಾಯಪಟ್ಟಣದಲ್ಲೂ ಕೇಳಿಬರುತ್ತದೆ. ಬೆಂಬಲ ಮುಗಿಯಿತೆಂದರೆ ಯಂತ್ರ ಅಂದೇ ನಿಲ್ಲುವುದಿಲ್ಲ, ನಿಜ. ಆದರೆ ಆಮೇಲೆ ಕಂಡುಬರುವ ಲೋಪಗಳಿಗೆ ಉಚಿತವಾಗಿ ಪ್ಯಾಚ್ ಬರುತ್ತಿದ್ದ ಕಾಲ ಮುಗಿಯಿತು. 2017ರ ಮೇ 12ರಂದು ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ವಾನಾಕ್ರೈ ಕುತಂತ್ರಾಂಶ ಹಬ್ಬಿದಾಗ ಆದದ್ದು ಇದೇ. ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರೂ, ಬೆಂಬಲ ಮುಗಿದ ವಿಂಡೋಸ್ ಎಕ್ಸ್‌ಪಿಗೆ ಅಂಟಿಕೊಂಡಿದ್ದವರೂ ಬಾಗಿಲು ತೆರೆದಿಟ್ಟುಕೊಂಡೇ ಕೂತಿದ್ದರು. ಪಕ್ಕದ ಆಂಧ್ರದ ಪೊಲೀಸ್ ಕಂಪ್ಯೂಟರುಗಳೂ ಅದಕ್ಕೆ ತುತ್ತಾದವು. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದ್ದರೂ ಎಟಿಎಂಗಳಲ್ಲಿ ಅದೇ ಓಡುತ್ತಿತ್ತು. ಕೊನೆಗೆ ರಿಸರ್ವ್ ಬ್ಯಾಂಕ್ 2018ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ, ಎಟಿಎಂಗಳಲ್ಲಿ ಅದನ್ನು ಬದಲಿಸಲು 2018ರ ಸೆಪ್ಟೆಂಬರ್‌ಗೆ ಕಾಲುಭಾಗ, ಡಿಸೆಂಬರ್‌ಗೆ ಅರ್ಧ, 2019ರ ಜೂನ್‌ಗೆ ಪೂರ್ತಿ ಎಂದು ಗಡುವು ಕಟ್ಟಿತು. ಗಡುವು ಕಟ್ಟುವ ಆ ಕ್ರಮವನ್ನು ತಾಲ್ಲೂಕು ಮಟ್ಟದ ಸಂಘಗಳೇಕೆ ಪಾಲಿಸಬಾರದು?

ದುಡ್ಡಿಲ್ಲ ಎನ್ನುವುದೂ ಪೊಳ್ಳು ನೆಪ. ಸಂಸ್ಥೆಗಳು ವಿಂಡೋಸ್ 10ಕ್ಕೆ ಹಣ ಕಟ್ಟಿ ಭದ್ರತಾ ಪ್ಯಾಚ್ ಪಡೆಯುವುದಾದರೆ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಎರಡನೇ ವರ್ಷ ಅದರ ದುಪ್ಪಟ್ಟು, ಮೂರನೇ ವರ್ಷ ಮತ್ತೆ ದುಪ್ಪಟ್ಟು. ಒಟ್ಟು 427 ಡಾಲರ್, ಮೂವತ್ತೈದು ಸಾವಿರ ರೂಪಾಯಿ ದಾಟುತ್ತದೆ. ತಡವಾಗಿ ಸೇರಿದವರು ಹಿಂದಿನ ವರ್ಷದ್ದನ್ನೂ ಕಟ್ಟಬೇಕು. ಆ ದುಡ್ಡಿನಲ್ಲಿ ಹೊಸ ಕಂಪ್ಯೂಟರೇ ಬರುತ್ತದೆ.

ಇನ್ನೊಂದು ದೂರು ಇದಕ್ಕಿಂತ ದೊಡ್ಡದು. ಯಂತ್ರ ಬದಲಿಸಿದ ಕಡೆಗಳಲ್ಲಿ ಕನ್ನಡದ ಕಡತಗಳನ್ನು ಕೇಳುವವರಿಲ್ಲ. ಸದಸ್ಯರ ಪಟ್ಟಿ, ನಡವಳಿ, ನೋಟಿಸು ಎಲ್ಲ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾಗಿವೆ. ಆ ಫಾಂಟ್ ಹಾಕದ ಹೊಸ ಯಂತ್ರದಲ್ಲಿ ತೆರೆದರೆ ತಂದೆಯ ಹೆಸರಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಸಿಗುತ್ತವೆ. ಆದರೆ ಪರಿವರ್ತಿಸಿದ ಮೇಲೆ ಒತ್ತಕ್ಷರ, ಅಂಕಿಗಳನ್ನು ಹಳೆಯ ಪ್ರತಿಯ ಜೊತೆ ಒಬ್ಬರು ಕೂತು ತಾಳೆ ನೋಡಬೇಕು. ಹಳೆಯ ಯಂತ್ರ ಬದುಕಿರುವಾಗಲೇ ಮಾಡಬೇಕಾದ ಕೆಲಸವಿದು. ಗುಜರಿಗೆ ಹಾಕಿದ ಮೇಲೆ ಯಾವ ಎಂಜಿನಿಯರನ್ನು ಕರೆಸಿದರೇನು?

ಬದಲಾವಣೆಗೆ ದಿನ ಗೊತ್ತುಮಾಡುವಾಗಲೂ ಊರಿನ ಲೆಕ್ಕ ಬೇಕು. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಜಿಎಸ್‌ಟಿ ವಿವರಗಳಿಗಾಗಿ ತಿಂಗಳ 11 ಮತ್ತು 20ರ ನಡುವೆ ಪರದಾಡುತ್ತಿರುತ್ತಾನೆ, ಆಗ ಅವನ ತಂತ್ರಾಂಶಕ್ಕೆ ಕೈ ಹಾಕಬಾರದು. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವಾಗ ಆ ಭಾಗದ ಸಂಘಗಳ ಯಂತ್ರ ಬಿಚ್ಚಬಾರದು. ಮಾರ್ಚ್ ತಿಂಗಳಂತೂ ಬೇಡವೇ ಬೇಡ. ಒಂದು ತಿಂಗಳು ಹಳೆಯದರಲ್ಲೂ ಹೊಸದರಲ್ಲೂ ಲೆಕ್ಕ ಬರೆದು, ಎರಡರ ಶಿಲ್ಕು ಒಂದೇ ಬಂದ ಮೇಲೆ ಹಳೆಯದನ್ನು ನಿಲ್ಲಿಸಬೇಕು.

ಗಡುವುಗಳು ಇಲ್ಲಿಗೇ ಮುಗಿಯಲಿಲ್ಲ. ಆಫೀಸ್ 2016, 2019ರ ಬೆಂಬಲವೂ ಅದೇ ಅಕ್ಟೋಬರ್ 14ಕ್ಕೆ ನಿಂತಿತು. ದತ್ತಾಂಶ ಕೂಡಿಡುವ ಎಸ್‌ಕ್ಯೂಎಲ್ ಸರ್ವರ್ 2016ಕ್ಕೆ ಗೊತ್ತುಮಾಡಿದ ದಿನ 2026ರ ಜುಲೈ 14. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿದ, ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಯ ಅವಧಿ ಐದು ವರ್ಷ. ಅದು ಮುಗಿದ ಮೇಲೆ ಆ ಕಂಪ್ಯೂಟರುಗಳನ್ನು ಬದಲಿಸುವ ಖರ್ಚು ಯಾರದು? ಪ್ರತಿ ಸಂಘವೂ ತನ್ನಲ್ಲಿರುವ ಯಂತ್ರ, ತಂತ್ರಾಂಶ, ಅವುಗಳ ಬೆಂಬಲ ಮುಗಿಯುವ ದಿನ, ಅದಕ್ಕೆ ತೆಗೆದಿರಿಸಿದ ಹಣ, ಇಷ್ಟನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಲಿ. ಈ ಸಲದ ಮಹಾಸಭೆಯಲ್ಲಿ ಅರಕಲಗೂಡಿನ ಸದಸ್ಯರು ಇದನ್ನು ಕೇಳಲಿದ್ದಾರೆ. ಉತ್ತರ ಬರವಣಿಗೆಯಲ್ಲಿ ಬೇಕು.

— ಸಹಕಾರ ಸಂಘದ ಸದಸ್ಯರೊಬ್ಬರು, ಅರಕಲಗೂಡು