ಕೀಲಿಗೆ ಬೆಲೆ ನಿಗದಿಯಾಯಿತು, ನಡಿಗೆಗೆ ಯಾರು ಹೊಣೆ?

2017ರ ಆಗಸ್ಟ್ 16ರಂದು ಕೇಂದ್ರ ಸರ್ಕಾರವು ಕೃತಕ ಮಂಡಿ ಕೀಲುಗಳ ಬೆಲೆಗೆ ಮಿತಿ ವಿಧಿಸಿತು. ಅಂದು ರಾಸಾಯನಿಕ ಮತ್ತು ರಸಗೊಬ್ಬರ ಖಾತೆಯ ಸಚಿವರಾಗಿದ್ದ, ಬೆಂಗಳೂರು ದಕ್ಷಿಣದ ಸಂಸದ ಅನಂತಕುಮಾರ್ ಅವರು ಪ್ರಕಟಿಸಿದ ಈ ತೀರ್ಮಾನದಿಂದಾಗಿ, ಅತಿ ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿನ ಬೆಲೆ ಸರಾಸರಿ 1,58,324 ರೂಪಾಯಿಯಿಂದ, ತೆರಿಗೆ ಹೊರತುಪಡಿಸಿ, 54,720 ರೂಪಾಯಿಗೆ ಇಳಿಯಿತು. ಕೀಲಿನ ತಯಾರಕರು ಯಾರು, ಬ್ರ್ಯಾಂಡ್ ಯಾವುದು, ಬೆಲೆ ಎಷ್ಟು ಎಂಬುದನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕೆಂದೂ ಆಸ್ಪತ್ರೆಗಳಿಗೆ ಸೂಚಿಸಲಾಯಿತು. ಸಂಧಿವಾತದೊಡನೆ ಹನ್ನೆರಡು ವರ್ಷ ಹೆಣಗಿ, ಕಡೆಗೆ ಬಲಗಾಲಿನ ಮಂಡಿಗೆ ಅಂಥದ್ದೇ ಒಂದು ಕೀಲನ್ನು ಹಾಕಿಸಿಕೊಂಡ ನಾನೂ ಆ ಆದೇಶದ ಫಲಾನುಭವಿ.

ಬೆಲೆ ನಿಯಂತ್ರಣವೆಂದರೆ ಮೂಗು ಮುರಿಯುವ ಅರ್ಥಶಾಸ್ತ್ರಜ್ಞರಿಗೆ ಕೊರತೆಯಿಲ್ಲ. ಆದರೆ ವೈದ್ಯಕೀಯ ಸೇವೆಯು ಮಾರುಕಟ್ಟೆಯ ಇತರ ಸರಕುಗಳಂತಲ್ಲ ಎಂಬುದನ್ನು ಕೆನೆತ್ ಆರೋ 1963ರಷ್ಟು ಹಿಂದೆಯೇ ವಿವರಿಸಿದ್ದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ರಾತ್ರಿಯಿಡೀ ಮಂಡಿ ನೋವಿನಿಂದ ನಿದ್ದೆಗೆಟ್ಟವನು ನಾಲ್ಕು ಆಸ್ಪತ್ರೆ ಸುತ್ತಿ ಚೌಕಾಸಿ ಮಾಡಲಾರ. ಆದ್ದರಿಂದ ಸರ್ಕಾರದ ಮಧ್ಯಪ್ರವೇಶ ಸರಿಯಾಗಿಯೇ ಇತ್ತು. ನನ್ನ ಪ್ರಶ್ನೆ ಬೇರೆ. ರೋಗಿಗೆ ಬೇಕಾಗಿರುವುದು ಕೀಲೋ, ನಡಿಗೆಯೋ?

ಸವೆತದಿಂದ ಬರುವ ಸಂಧಿವಾತದಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿ ಕ್ರಮೇಣ ತೆಳುವಾಗುತ್ತದೆ. ಹಾಗೆ ಸವೆದುದನ್ನು ಮತ್ತೆ ಬೆಳೆಸಬಲ್ಲ ಔಷಧಿ ಇಲ್ಲ. ತೂಕ ಇಳಿಸುವುದು, ತೊಡೆಯ ಸ್ನಾಯುಗಳನ್ನು ಬಲಪಡಿಸುವುದು, ನೋವುನಿವಾರಕಗಳು, ಇವೆಲ್ಲ ಸೋತ ಮೇಲೆ ಶಸ್ತ್ರಚಿಕಿತ್ಸೆ. ಅದು ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ನಾಲ್ಕೈದು ದಿನಗಳಲ್ಲಿ ಮನೆ ಸೇರಬಹುದು. ನಿಜವಾದ ಕೆಲಸ ಆರಂಭವಾಗುವುದು ಅನಂತರ. ಕಾಲನ್ನು ಪೂರ್ತಿ ನೀಡುವಂತಾಗಬೇಕು, ಮಂಡಿಯನ್ನು ಕನಿಷ್ಠ ತೊಂಬತ್ತು ಡಿಗ್ರಿಯಷ್ಟು, ಸಾಧ್ಯವಾದರೆ ಅದಕ್ಕೂ ಹೆಚ್ಚು ಮಡಿಸುವಂತಾಗಬೇಕು. ಮೊದಲ ಆರರಿಂದ ಹನ್ನೆರಡು ವಾರಗಳಲ್ಲಿ ಹಲ್ಲು ಕಚ್ಚಿ ಈ ವ್ಯಾಯಾಮ ಮಾಡದಿದ್ದರೆ ಒಳಗಿನ ಗಾಯ ಮಾಯುವಾಗ ಅಂಗಾಂಶ ಗಟ್ಟಿಯಾಗಿ ಕೀಲು ಬಿಗಿದುಕೊಳ್ಳುತ್ತದೆ. ಆಮೇಲೆ ಅದನ್ನು ಸಡಿಲಿಸುವುದು ಸುಲಭವಲ್ಲ.

ನನ್ನ ಮನೆಗೆ ಆರು ವಾರಗಳ ಕಾಲ ಫಿಸಿಯೋಥೆರಪಿಸ್ಟ್ ಒಬ್ಬರು ಬಂದರು. ಕೊನೆಯ ವಾರದ ಹೊತ್ತಿಗೆ ಕುರ್ಚಿಯ ಕೈ ಹಿಡಿಯದೆ ಏಳುತ್ತಿದ್ದೆ. ಆ ವೆಚ್ಚವನ್ನು ಪಿಂಚಣಿಯಿಂದ ಭರಿಸಿದೆ. ನನ್ನ ವಿಮಾ ಪಾಲಿಸಿಯಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ 60 ದಿನಗಳ ವೆಚ್ಚಕ್ಕೆ ಅವಕಾಶವಿತ್ತು. ಆದರೆ ಮನೆಗೆ ಬಂದು ನೀಡುವ ಚಿಕಿತ್ಸೆ ಅದರ ವ್ಯಾಪ್ತಿಗೆ ಬಾರದೆಂದು ಕಂಪನಿ ಉತ್ತರಿಸಿತು. ಆಗಷ್ಟೇ ಆಪರೇಷನ್ ಆದವನು ವಾಕರ್ ಹಿಡಿದು ಮೆಟ್ಟಿಲಿಳಿದು, ಆಟೊ ಹತ್ತಿ ಆಸ್ಪತ್ರೆಗೆ ಹೋದರೆ ಹಣ. ಮನೆಯಲ್ಲೇ ಮಾಡಿಸಿಕೊಂಡರೆ ಇಲ್ಲ! ಇದು ಯಾವ ತರ್ಕ?

ನನ್ನದು ಅನುಕೂಲಸ್ಥನ ಗೊಣಗಾಟವೆಂದು ಬದಿಗಿಟ್ಟುಬಿಡಿ. ನನ್ನ ಊರಿನ ಕೃಷಿ ಕೂಲಿಯಾಕೆಯೊಬ್ಬರಿಗೆ ಸರ್ಕಾರದ ಯೋಜನೆಯಡಿ ಉಚಿತವಾಗಿ ಇದೇ ಶಸ್ತ್ರಚಿಕಿತ್ಸೆಯಾಯಿತು. ನಾಟಿ, ಕಳೆ ಎಂದು ನಲವತ್ತು ವರ್ಷ ಕೆಸರಿನಲ್ಲಿ ಬಾಗಿದ ಮಂಡಿಗಳವು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆದಿತ್ತು. ಆದರೆ ವ್ಯಾಯಾಮಕ್ಕಾಗಿ ವಾರಕ್ಕೆ ಮೂರು ಬಾರಿ ನಗರಕ್ಕೆ ಬರಬೇಕೆಂದರೆ ಎರಡು ಬಸ್ಸು, ಜೊತೆಗೆ ಬರುವ ಮಗನ ದಿನಗೂಲಿ. ಎರಡು ಸಲ ಬಂದು ನಿಲ್ಲಿಸಿದರು. ಈಗ ನೋವು ಕಡಿಮೆಯಾಗಿದೆ, ಮಂಡಿ ಅರ್ಧಕ್ಕೂ ಮಡಿಯುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲು ಇನ್ನೊಬ್ಬರ ಹೆಗಲು ಬೇಕು. ಒಂದೇ ಬಗೆಯ ಶಸ್ತ್ರಚಿಕಿತ್ಸೆ, ಫಲ ಮಾತ್ರ ಬೇರೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯು ಬಿಡುಗಡೆಯ ನಂತರದ 15 ದಿನಗಳ ವೆಚ್ಚವನ್ನು ಪ್ಯಾಕೇಜಿನಲ್ಲಿ ಸೇರಿಸಿತು. ಬಹುತೇಕ ಕಾಯಿಲೆಗಳಿಗೆ ಅದು ಸಾಕು, ಮಂಡಿಗೆ ಸಾಲದು. ಹೊಲಿಗೆ ಬಿಚ್ಚುವ ವೇಳೆಗೆ ಯೋಜನೆಯ ಹೊಣೆ ಮುಗಿದಿರುತ್ತದೆ. ಸರ್ಕಾರ ಹಣ ಕೊಟ್ಟು ಹಾಕಿಸಿದ ಕೀಲು ಮಡಿಯದಿದ್ದರೆ ಅದು ರೋಗಿಯ ದುರದೃಷ್ಟ ಮಾತ್ರವಲ್ಲ, ಸಾರ್ವಜನಿಕ ಹಣದ ಅಪವ್ಯಯವೂ ಹೌದು.

ಇದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. ಲೋಕೋಪಯೋಗಿ ಕಾಮಗಾರಿಗಳಲ್ಲಿ ಗುತ್ತಿಗೆದಾರನ ಬಿಲ್ಲಿನ ಒಂದು ಪಾಲನ್ನು ದೋಷ ಹೊಣೆಗಾರಿಕೆಯ ಅವಧಿ ಮುಗಿಯುವವರೆಗೆ ಹಿಡಿದಿಡುವುದು ಹಳೆಯ ಪದ್ಧತಿ. ಸೇವಾವಧಿಯಲ್ಲಿ ಅಂಥ ಎಷ್ಟೋ ಕಡತಗಳಿಗೆ ನಾನು ಸಹಿ ಹಾಕಿದ್ದೇನೆ. ಕೀಲು ಬದಲಾವಣೆಯ ಪ್ಯಾಕೇಜ್ ಮೊತ್ತದಲ್ಲೂ ಒಂದು ಭಾಗವನ್ನು ಉಳಿಸಿಕೊಂಡು, ಹನ್ನೆರಡು ವಾರಗಳ ವ್ಯಾಯಾಮ ಚಿಕಿತ್ಸೆ ನಡೆದ ದಾಖಲೆ ನೋಡಿ ಬಿಡುಗಡೆ ಮಾಡಬಹುದು. ಮಂಡಿ ಎಷ್ಟು ಮಡಿಯಿತೆಂಬ ಫಲಿತಾಂಶಕ್ಕೇ ಹಣವನ್ನು ಗಂಟುಹಾಕಿದರೆ ಆಸ್ಪತ್ರೆಗಳು ಕಷ್ಟದ ರೋಗಿಗಳನ್ನು ದೂರವಿಡುವ ಅಪಾಯವಿದೆ. ಆದ್ದರಿಂದ ಸೇವೆ ಸಂದಿದೆಯೇ ಎಂಬುದಷ್ಟೇ ಮಾನದಂಡವಾಗಲಿ.

ಹಳ್ಳಿಯವರಿಗೆ ಆ ಸೇವೆ ಹತ್ತಿರದಲ್ಲೇ ಸಿಗಬೇಕು. 2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮವು ಸಮುದಾಯ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿಯೂ ಫಿಸಿಯೋಥೆರಪಿಯನ್ನು ಕಲ್ಪಿಸಿಕೊಂಡಿತ್ತು. ಆ ಕಲ್ಪನೆಗೆ ಪ್ರತಿ ತಾಲ್ಲೂಕಿನಲ್ಲೂ ಜೀವ ಬರಲಿ. ವಿಮಾ ಕಂಪನಿಗಳು, ವೈದ್ಯರು ಬರೆದುಕೊಟ್ಟ ವ್ಯಾಯಾಮ ಚಿಕಿತ್ಸೆ ಎಲ್ಲಿ ನಡೆದರೂ ಅದನ್ನು ಶಸ್ತ್ರಚಿಕಿತ್ಸೆಯ ಭಾಗವೆಂದೇ ಪರಿಗಣಿಸಲಿ. ಇದಕ್ಕೆ ಹಣವೆಲ್ಲಿ ಎಂಬ ಪ್ರಶ್ನೆ ಸಹಜ. ಆದರೆ ಬಿಗಿದ ಕೀಲಿಗೆ ಮತ್ತೆ ಅರಿವಳಿಕೆ ಕೊಟ್ಟು ಸಡಿಲಿಸುವುದು, ಅದೂ ಫಲಿಸದೆ ಮರುಶಸ್ತ್ರಚಿಕಿತ್ಸೆ ಮಾಡುವುದು ಇದಕ್ಕಿಂತ ಅಗ್ಗವಲ್ಲ.

ಶಸ್ತ್ರಚಿಕಿತ್ಸೆ ಒಂದು ಮಂಡಿಯನ್ನು ಸರಿಪಡಿಸೀತು, ಸಂಧಿವಾತವನ್ನಲ್ಲ. ನನ್ನ ಎಡ ಮಂಡಿ, ಕೈಬೆರಳುಗಳು ಅದನ್ನು ದಿನವೂ ನೆನಪಿಸುತ್ತವೆ. ಈ ಹಾದಿಯಲ್ಲಿರುವ ಓದುಗರಿಗೆ ಒಂದು ಮಾತು: ಯಾವ ಕಂಪನಿಯ ಕೀಲು, ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವುದರ ಜೊತೆಗೆ, ಮನೆಗೆ ಹೋದ ಮೇಲೆ ಮೂರು ತಿಂಗಳು ನನ್ನನ್ನು ನಡೆಸುವವರು ಯಾರು, ಅದರ ಖರ್ಚು ಎಷ್ಟು ಎಂಬುದನ್ನೂ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಸರ್ಕಾರವೂ ಆಸ್ಪತ್ರೆಗಳನ್ನು ಇದೇ ಪ್ರಶ್ನೆ ಕೇಳಬೇಕಾಗಿದೆ.