ಸರಕಿಗೆ ಚೌಕಾಸಿ, ಡಾಲರಿಗೆ ಮೌನ

ಚೀನಾದ ಗುವಾಂಗ್‌ಝೌ ನಗರದಲ್ಲಿ 1957ರಿಂದ ನಡೆದುಬಂದಿರುವ ಕ್ಯಾಂಟನ್ ಮೇಳಕ್ಕೂ ಸಣ್ಣ ಸರಕುಗಳ ಸಗಟು ಪೇಟೆಯೆನಿಸಿದ ಯಿವುವಿಗೂ ಖರೀದಿಗಾಗಿ ಹೋಗಿಬರುವುದು ಕರ್ನಾಟಕದ ವರ್ತಕರಿಗೆ ಹೊಸದಲ್ಲ. ಅಲ್ಲಿ ಒಂದು ಬಲ್ಬಿನ ಬೆಲೆಯಲ್ಲಿ ಹತ್ತು ಪೈಸೆ ತಗ್ಗಿಸಲು ಅರ್ಧ ದಿನ ವ್ಯಯಿಸುವ ವ್ಯಾಪಾರಿ, ಹೊರಡುವ ಮುನ್ನ ಡಾಲರ್ ಕೊಳ್ಳುವಾಗ ಮಾತ್ರ ಹೇಳಿದ ದರವನ್ನು ಮರುಮಾತಿಲ್ಲದೆ ಒಪ್ಪುವುದು ವಿಪರ್ಯಾಸ. ವಿದೇಶಿ ಹಣವೂ ಒಂದು ಸರಕೇ. ಅದಕ್ಕೂ ಸಗಟು ದರವುಂಟು, ಚಿಲ್ಲರೆ ದರವುಂಟು.

ಬ್ಯಾಂಕುಗಳು ತಮ್ಮೊಳಗೆ ವಹಿವಾಟು ನಡೆಸುವ ದರಕ್ಕೂ ಗ್ರಾಹಕನಿಗೆ ಹೇಳುವ ದರಕ್ಕೂ ನಡುವಿನ ಅಂತರದಲ್ಲೇ ಮಾರುವವನ ಲಾಭ ಅಡಗಿದೆ. ಲೆಕ್ಕಕ್ಕಾಗಿ ಸಗಟು ದರ 90 ರೂ. ಎಂದಿಟ್ಟುಕೊಂಡರೆ, ಒಬ್ಬ ವಿನಿಮಯಗಾರ 91 ರೂ., ಇನ್ನೊಬ್ಬ 93 ರೂ. ಕೇಳಬಹುದು. ಬಹುತೇಕ ದೇಶಗಳ ಪ್ರಯಾಣಕ್ಕೆ ನೋಟಿನ ರೂಪದಲ್ಲಿ ದೊರೆಯುವ ಮಿತಿಯಾದ 3,000 ಡಾಲರಿಗೆ ಮೊದಲನೆಯವನ ಅಂತರ 3,000 ರೂ., ಎರಡನೆಯವನದು 9,000 ರೂ. ಜಿಎಸ್‌ಟಿಯಾದರೋ ಎರಡೂ ಕಡೆ ಸುಮಾರು 340 ರೂ. ಮಾತ್ರ. ರಸೀದಿಯಲ್ಲಿ ಕಾಣುವುದು ಈ ಸಣ್ಣ ತೆರಿಗೆ. ದೊಡ್ಡ ಮೊತ್ತ ದರದೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ‘ಕಮಿಷನ್ ಇಲ್ಲ’ ಎಂಬ ಫಲಕದ ಅರ್ಥವೂ ಇಷ್ಟೇ. ಎಲ್ಲವೂ ಸೇರಿ ಕೈಯಿಂದ ಹೋಗುವ ರೂಪಾಯಿ ಎಷ್ಟೆಂಬುದೊಂದೇ ಕೇಳಬೇಕಾದ ಪ್ರಶ್ನೆ.

ಒಂದೇ ದಿನ, ಒಂದೇ ಗಳಿಗೆಯಲ್ಲಿ ಮೂರು ಅಧಿಕೃತ ವಿನಿಮಯಗಾರರ ದರ ಕೇಳುವುದು ಕಷ್ಟವಲ್ಲ. ವಿಮಾನ ನಿಲ್ದಾಣದವರೆಗೆ ಕಾಯುವುದು ಸಾಮಾನ್ಯವಾಗಿ ದುಬಾರಿ. ರೂಪಾಯಿಯನ್ನು ಡಾಲರಿಗೆ, ಡಾಲರನ್ನು ಯುವಾನಿಗೆ ಬದಲಿಸಿದರೆ ಎರಡು ಬಾರಿ ಅಂತರ ತೆರಬೇಕಾಗುತ್ತದೆ. ಇಲ್ಲಿಯೇ ಯುವಾನ್ ಕೊಳ್ಳುವ ದರದೊಂದಿಗೆ ಅದನ್ನು ಹೋಲಿಸಬೇಕು. ಕಾರ್ಡ್ ಯಂತ್ರವು ರೂಪಾಯಿಯೋ ಯುವಾನೋ ಎಂದು ಕೇಳಿದಾಗ ಯುವಾನನ್ನೇ ಆರಿಸುವುದು ಲೇಸು; ರೂಪಾಯಿ ಆರಿಸಿದರೆ ಅಲ್ಲಿನವರು ಕಟ್ಟಿದ ದರಕ್ಕೆ ತಲೆಬಾಗಬೇಕಾಗುತ್ತದೆ. ಇನ್ನು, ದರ ಅಗ್ಗವೆಂದು ಹವಾಲಾ ದಾರಿ ಹಿಡಿಯುವುದು ಲಾಭವಲ್ಲ; ಫೆಮಾ ಕಾಯಿದೆಯಡಿ ದಂಡವು ಮೊತ್ತದ ಮೂರು ಪಟ್ಟಿನವರೆಗೂ ಹೋಗಬಲ್ಲದು.

ನಿಜವಾದ ಹೊರೆ ಇರುವುದು ಪ್ರಯಾಣದ ಖರ್ಚಿನಲ್ಲಿ ಅಲ್ಲ, ಬ್ಯಾಂಕಿನ ಮೂಲಕ ಸರಕಿಗೆ ಪಾವತಿಸುವ ಹಣದಲ್ಲಿ. ದೊಡ್ಡ ಕಂಪೆನಿಗಳು ದರಕ್ಕಾಗಿ ಬ್ಯಾಂಕಿನೊಡನೆ ಚೌಕಾಸಿ ಮಾಡುತ್ತವೆ. ಸಣ್ಣ ಆಮದುದಾರರು ಕೊಟ್ಟ ದರವನ್ನೇ ಸ್ವೀಕರಿಸುತ್ತಾರೆ. ಈ ತಾರತಮ್ಯ ನೀಗಲೆಂದೇ ರಿಸರ್ವ್ ಬ್ಯಾಂಕಿನ ಆಶಯದಂತೆ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು 2019ರ ಆಗಸ್ಟ್‌ನಲ್ಲಿ ‘ಎಫ್‌ಎಕ್ಸ್-ರೀಟೇಲ್’ ವೇದಿಕೆಯನ್ನು ತೆರೆಯಿತು. ಅದರಲ್ಲಿ ಸಣ್ಣ ಗ್ರಾಹಕರೂ ಮಾರುಕಟ್ಟೆಯ ದರ ನೋಡಿ ಡಾಲರ್ ಕೊಳ್ಳಬಹುದು. ಬ್ಯಾಂಕಿನ ಶುಲ್ಕ ಮೊದಲೇ ನಿಗದಿಯಾಗಿರುತ್ತದೆ.

ನೋಟುಗಳ ಸಾಗಾಟ, ವಿಮೆ, ದರದ ಏರಿಳಿತಗಳಿಗೆ ಖರ್ಚುಂಟೆಂಬ ವಿನಿಮಯಗಾರರ ವಾದ ಸುಳ್ಳಲ್ಲ. ಆದರೆ ಆ ಖರ್ಚನ್ನು ರಸೀದಿಯಲ್ಲಿ ಪ್ರತ್ಯೇಕವಾಗಿ ಬರೆಯಲು ಅಡ್ಡಿಯೇನು? ವಾಣಿಜ್ಯ ಸಂಸ್ಥೆಗಳು ಈ ಬೇಡಿಕೆಯನ್ನು ಬ್ಯಾಂಕುಗಳ ಮುಂದಿಡಬೇಕು. ಎಫ್‌ಎಕ್ಸ್-ರೀಟೇಲ್ ನೋಂದಣಿಗೆ ಸದಸ್ಯರಿಗೆ ನೆರವಾಗಬೇಕು; ಮೇಳಕ್ಕೆ ತಂಡವಾಗಿ ಹೊರಡುವವರ ಪರವಾಗಿ ಒಟ್ಟಾಗಿ ದರ ಕೇಳಬೇಕು. ಶೇಕಡಾ ಐದರ ಲಾಭಕ್ಕೆ ಬೆವರು ಸುರಿಸುವ ಸಣ್ಣ ವ್ಯಾಪಾರಿಗೆ ಶೇಕಡಾ ಎರಡರ ಉಳಿತಾಯ ಸಣ್ಣ ಮಾತಲ್ಲ.